ಹಿಂದಿನ ಸೀಟಿನಲ್ಲಿ ಏನಿದೆ ನೋಡು

ನಮ್ಮ ಕೊಡಗಿನಲ್ಲಿ ಯುದ್ಧದ ಸುದ್ದಿ ಬಂತು ಅಂದರೆ ಜನ ಮೊದಲು ಕೇಳುವುದು 'ಯಾವ ರೆಜಿಮೆಂಟು?' ಅಂತ. ಯಾವ ಊರಿಗೆ ಹೋದರೂ ಮಿಲಿಟರಿಯಲ್ಲಿದ್ದವರ ಮನೆ ಒಂದಾದರೂ ಸಿಗುತ್ತದೆ. ಆದರೆ 2022ರಲ್ಲಿ ಯುದ್ಧಕ್ಕೆ ಸಿಕ್ಕಿಕೊಂಡವರು ಮಿಲಿಟರಿಗೆ ಹೋದವರಲ್ಲ, ಡಾಕ್ಟರ್ ಓದಲು ಹೋದವರು. ನನ್ನ ಅಕ್ಕನ ಮಗಳು ಅವರಲ್ಲಿ ಒಬ್ಬಳು. ಉಕ್ರೇನಿನ ಖಾರ್ಕಿವ್‌ನಲ್ಲಿದ್ದಳು. ರಷ್ಯಾದ ಗಡಿಗೆ ಅಲ್ಲಿಂದ ನಲವತ್ತು ಕಿಲೋಮೀಟರ್ ಕೂಡ ಇಲ್ಲ. ಸೀಟು ಹುಡುಕುವಾಗ ಎಲ್ಲರೂ ಫೀಸು ನೋಡುತ್ತಾರೆ. ಗಡಿ ಎಷ್ಟು ದೂರ ಅಂತ ಯಾರು ನೋಡ್ತಾರೆ?

ಫೆಬ್ರವರಿ 24ಕ್ಕೆ ದಾಳಿ ಶುರುವಾಯಿತು. ಮಕ್ಕಳೆಲ್ಲ ಹಾಸ್ಟೆಲಿನ ನೆಲಮಾಳಿಗೆ ಸೇರಿದರು. ಮಾರ್ಚ್ 1ರಂದು ಶಿವರಾತ್ರಿ. ಆ ದಿನವೇ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಶೆಲ್ ದಾಳಿಗೆ ಸತ್ತ. ನಾಲ್ಕನೇ ವರ್ಷದ ವಿದ್ಯಾರ್ಥಿ, ಊಟದ ಸಾಮಾನು ತರಲು ಹೋಗಿದ್ದನಂತೆ. ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಉಪವಾಸ ಅಂತ ಊಟ ಬಿಟ್ಟಿದ್ದವಳು ಮರುದಿನವೂ ತಟ್ಟೆ ಮುಟ್ಟಲಿಲ್ಲ.

ನಾನು ಹೇಳಬೇಕೆಂದಿರುವುದು ಆ ಮರುದಿನದ ಕತೆ.

ನಮ್ಮ ಮನೆ ಮಾದಾಪುರದ ಕಡೆ. ರೋಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿತ್ತು, ಕಣದ ತುಂಬ ಕಾಫಿ ಹರವಿತ್ತು. ಮನೆಯೊಳಗೆ ಸಿಗ್ನಲ್ ಬರೋದಿಲ್ಲ. ಕಣದ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ನಿಂತರೆ ಮಾತ್ರ ಎರಡು ಕಡ್ಡಿ ಸಿಗುತ್ತದೆ. ಅಲ್ಲೇ ಕುರ್ಚಿ ಹಾಕಿಕೊಂಡು ಕೂತೆವು. ಸುದ್ದಿ ಕೇಳಿ ಪಕ್ಕದ ತೋಟದ ಸುಬೇದಾರ್ರು ಬಂದರು. ರಿಟೈರಾಗಿ ಎಷ್ಟೋ ವರ್ಷವಾದರೂ ಊರಿನಲ್ಲಿ ಅವರಿಗೆ ಅದೇ ಹೆಸರು. ಕೈಯಲ್ಲಿ ಒಂದು ನೋಟ್‌ಬುಕ್, ಜೇಬಿನಲ್ಲಿ ಎರಡು ಪೆನ್ನು.

ಬೆಳಿಗ್ಗೆ ಮಕ್ಕಳು ಖಾರ್ಕಿವ್ ರೈಲ್ವೆ ಸ್ಟೇಷನ್ನಿಗೆ ಹೋಗಿದ್ದರು. ಅಲ್ಲಿ ಕಾಲಿಡಲು ಜಾಗವಿಲ್ಲ. ಅಲ್ಲಿಯ ಹೆಂಗಸರಿಗೆ, ಚಿಕ್ಕ ಮಕ್ಕಳಿಗೆ ಮೊದಲು ಅಂತ ಇವರನ್ನು ಹತ್ತಲು ಬಿಡಲಿಲ್ಲ. ರೈಲು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ನಮ್ಮ ಹುಡುಗಿಗೆ ಇದರ ಮೇಲೆ ಇವತ್ತಿಗೂ ಸಿಟ್ಟಿದೆ. ನನಗೆ ಅಷ್ಟು ಸಿಟ್ಟಿಲ್ಲ. ಅವರ ಊರು, ಅವರ ಹಸುಗೂಸುಗಳು, ಏನು ಮಾಡ್ತಾರೆ ಪಾಪ.

ನಮ್ಮಲ್ಲಿ ಸಂಜೆಯಾಗುವ ಹೊತ್ತಿಗೆ ಭಾರತದ ರಾಯಭಾರ ಕಚೇರಿಯ ಸೂಚನೆ ಬಂತು. ಕೂಡಲೇ ಖಾರ್ಕಿವ್ ಬಿಡಿ. ಪಿಸೋಚಿನ್, ಬಾಬಾಯಿ, ಬೆಜ್ಲಿಯುಡೊವ್ಕಾ, ಈ ಮೂರರಲ್ಲಿ ಒಂದು ಊರನ್ನು ಅಲ್ಲಿಯ ಸಂಜೆ ಆರು ಗಂಟೆಯೊಳಗೆ ಸೇರಿಕೊಳ್ಳಿ. ಗಾಡಿ ಸಿಗದವರು ನಡೆದೇ ಹೋಗಿ. ಸ್ಟೇಷನ್ನಿನಿಂದ ಪಿಸೋಚಿನ್‌ಗೆ 11 ಕಿಲೋಮೀಟರ್, ಬಾಬಾಯಿಗೆ 12, ಬೆಜ್ಲಿಯುಡೊವ್ಕಾಕ್ಕೆ 16. ಅಲ್ಲಿಯ ಆರು ಗಂಟೆ ಅಂದರೆ ನಮ್ಮ ಒಂಬತ್ತೂವರೆ.

ಸುಬೇದಾರ್ರು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಫೋನು ಇಸಕೊಂಡು, 'ಮಗಳೇ, ಸೂಟ್‌ಕೇಸು ಅಲ್ಲೇ ಬಿಡು' ಅಂದರು.

'ತಾತಾ, ಅದರಲ್ಲಿ ನನ್ನ ಪುಸ್ತಕ ಎಲ್ಲಾ ಇದೆ.'

'ಪಾಸ್‌ಪೋರ್ಟ್, ನೀರು, ಒಣ ಕಾಲುಚೀಲ, ಫೋನಿನ ಚಾರ್ಜು. ಬೇರೆ ಏನೂ ಬೇಡ. ಹತ್ತು ಜನ ಒಂದು ಗುಂಪು ಮಾಡಿಕೊಳ್ಳಿ. ಗುಂಪಿನೊಳಗೆ ಇಬ್ಬಿಬ್ಬರು ಜೋಡಿ. ಜೋಡಿ ಬಿಟ್ಟು ಯಾರೂ ಮೂತ್ರಕ್ಕೂ ಹೋಗಬೇಡಿ. ಒಂದು ಬಿಳಿ ಬಟ್ಟೆ ಕೈಯಲ್ಲಿರಲಿ.'

ಮಾರನೇ ದಿನ ರಕ್ಷಣಾ ಸಚಿವಾಲಯ ಖಾರ್ಕಿವ್‌ನಲ್ಲಿದ್ದವರಿಗೆ ಅಂತ ಒಂದು ಸೂಚನೆ ಹೊರಡಿಸಿತು. ಹತ್ತು ಜನರ ಗುಂಪು, ಜೋಡಿ, ಬಿಳಿ ಬಟ್ಟೆ, ಬೆಚ್ಚನೆ ಕಾಲುಚೀಲ, ಎಲ್ಲಾ ಅದರಲ್ಲಿತ್ತು. ಸುಬೇದಾರ್ರು ಅದನ್ನು ಓದಿ, 'ನನ್ನನ್ನು ಕೇಳಿಯೇ ಬರೆದಹಾಗಿದೆ' ಅಂದರು. ಈಗಲೂ ಆಗಾಗ ಹೇಳ್ತಾರೆ.

ತೊಂದರೆ ಶುರುವಾದದ್ದು ಅದರ ನಂತರ. ನಮ್ಮ ಹುಡುಗಿಯ ಜೋಡಿ ಕೇರಳದ ಒಬ್ಬಳು. ಬೆಳಿಗ್ಗೆ ಸೈರನ್ ಕೂಗಿದಾಗ ಸ್ಟೇಷನ್ನಿನ ಮೆಟ್ಟಿಲ ಮೇಲೆ ಬಿದ್ದು ಪಾದದ ಗಂಟು ಊದಿಕೊಂಡಿತ್ತು. ಶೂ ಹಾಕೋಕೂ ಆಗ್ತಿಲ್ಲ. ಹಿಮದಲ್ಲಿ 11 ಕಿಲೋಮೀಟರ್ ನಡೆಯೋದು ಎಲ್ಲಿಂದ ಬಂತು? ಉಳಿದವರು ಹೊರಟು ನಿಂತಿದ್ದರು. ಎಷ್ಟು ಹೊತ್ತಿಗೆ ಎಲ್ಲಿ ಸೇರಬೇಕು ಅಂತ ಸೂಚನೆಯಲ್ಲಿತ್ತು. ನಡೆಯಲಾರದವಳನ್ನು ಏನು ಮಾಡಬೇಕು ಅಂತ ಇರಲಿಲ್ಲ. ಸೂಚನೆ ಬರೆದವರನ್ನು ದೂರುತ್ತಿಲ್ಲ. ಅಷ್ಟು ದೂರದಲ್ಲಿ ಕೂತವರಿಗೆ ಒಬ್ಬೊಬ್ಬರ ಕಾಲು ಕಾಣೋದಿಲ್ಲ.

'ನೀನು ಬಾ, ಅವಳನ್ನು ಯಾರಾದರೂ ನೋಡಿಕೊಳ್ತಾರೆ' ಅಂದಳು ಅಕ್ಕ. ತಾಯಿ ಬೇರೆ ಏನು ಹೇಳ್ತಾಳೆ? ಹುಡುಗಿ ಒಪ್ಪಲಿಲ್ಲ. ಅಷ್ಟರಲ್ಲಿ ಫೋನು ಕಟ್ಟಾಯಿತು.

ಮತ್ತೆ ಸಿಕ್ಕಾಗ ಅವಳ ದನಿ ಬೇರೆಯಾಗಿತ್ತು. 'ಮಾವ, ಇಲ್ಲಿ ಒಬ್ಬರು ಕಾರು ನಿಲ್ಲಿಸಿದ್ದಾರೆ. ಪಿಸೋಚಿನ್‌ಗೆ ಬಿಡ್ತೀನಿ ಅಂತಾರೆ. ಇಬ್ಬರಿಗೆ ಮಾತ್ರ ಜಾಗ ಇದೆಯಂತೆ. ಹತ್ತಲಾ?'

ಯಾರವನು? ಅರವತ್ತರ ಹತ್ತಿರದ ಗಂಡಸು. ಮೊದಲು ಟ್ರಾಲಿ ಬಸ್ ಓಡಿಸುತ್ತಿದ್ದನಂತೆ. ಮೆಟ್ರೋ ರೈಲು ನಿಂತುಹೋಗಿ, ಆ ಸ್ಟೇಷನ್ನುಗಳಲ್ಲಿ ಜನ ಸಂಸಾರ ಸಮೇತ ಮಲಗುತ್ತಿದ್ದರು. ಅವರಿಗೆ ಸಾಮಾನು ಮುಟ್ಟಿಸೋ ಕೆಲಸಕ್ಕೆ ತಾನೇ ಇಳಿದಿದ್ದ. ಹಳೇ ಲಾಡಾ ಕಾರು. ಮುಂದಿನ ಗಾಜಿಗೆ 'ಮಕ್ಕಳು' ಅಂತ ಅವರ ಭಾಷೆಯಲ್ಲಿ ಬರೆದ ಕಾಗದ ಅಂಟಿಸಿತ್ತು. ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಆ ಕ್ಷಣಕ್ಕೆ ಗೊತ್ತಿದ್ದದ್ದು ಇಷ್ಟೇ: ಗುರುತಿಲ್ಲದ ಗಂಡಸು, ಎರಡು ಹೆಣ್ಣುಮಕ್ಕಳು, ಕತ್ತಲಾಗುತ್ತಿರುವ ಊರು.

ಅಕ್ಕ 'ಬೇಡ' ಅಂತ ಕೂಗಿದಳು. ಕಣದಲ್ಲಿ ಕಾಫಿ ರಾಶಿ ಮಾಡುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು.

ನನಗೆ ಆಗ ನೆನಪಾದದ್ದು 2018ರ ಆಗಸ್ಟ್. ಹಟ್ಟಿಹೊಳೆ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳು ಜಾರಿ ಬಂದ ವಾರ. ಸೇನೆ, ಎನ್‌ಡಿಆರ್‌ಎಫ್ ಬಂದು ಹಗ್ಗ ಕಟ್ಟಿ ಜನರನ್ನು ದಾಟಿಸುತ್ತಿದ್ದರು. ಜೀಪು ಇದ್ದ ನಮ್ಮಂಥವರು ರಸ್ತೆ ಇದ್ದಷ್ಟು ದೂರ ಹೋಗಿ, ನಡೆದು ಬಂದವರನ್ನು ಸುಂಟಿಕೊಪ್ಪಕ್ಕೆ ಬಿಡುತ್ತಿದ್ದೆವು. ಬರುವಾಗ ಜನ, ಹೋಗುವಾಗ ಅಕ್ಕಿ, ಔಷಧಿ. (ಹೊರಗಿನಿಂದ ಲಾರಿಗಟ್ಟಲೆ ಹಳೇ ಬಟ್ಟೆ ಬಂದಿತ್ತು. ಬೇಕಾಗಿದ್ದದ್ದು ಒಳಉಡುಪು, ಪ್ಯಾಡು, ಬಿಪಿ ಮಾತ್ರೆ. ಕೊಡುವವರಿಗೆ ಇದನ್ನು ಹೇಳುವುದೇ ಒಂದು ಕೆಲಸವಾಗಿತ್ತು.) ಒಬ್ಬಳು ಅಜ್ಜಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದಳು. ಕೈಯಲ್ಲಿ ಹಸುವಿನ ಹಗ್ಗ. ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಯಾವಾಗ ಬೇಕಾದರೂ ಬೀಳುವ ಹಾಗಿತ್ತು. 'ಬನ್ನಿ ಅಜ್ಜಿ' ಅಂದರೆ ಅಲ್ಲಾಡಲಿಲ್ಲ. 'ನೀನು ಯಾರ ಮನೆಯವ?' ಅಂತ ಕೇಳಿದಳು. ಮನೆ ಹೆಸರು ಹೇಳಿದೆ. ಸ್ವಲ್ಪ ಯೋಚಿಸಿ, ನಮ್ಮ ದೊಡ್ಡಪ್ಪನ ಮದುವೆಗೆ ಬಂದಿದ್ದನ್ನು ನೆನೆಸಿಕೊಂಡಳು. ಆಮೇಲೆ ಹಸುವಿನ ಹಗ್ಗ ಬಿಚ್ಚಿ ಮೇಲಕ್ಕೆ ಅಟ್ಟಿ ಜೀಪು ಹತ್ತಿದಳು. ಬರೆ ಬೀಳುತ್ತಿದ್ದರೂ ಆ ಪ್ರಶ್ನೆಗೆ ಉತ್ತರ ಸಿಗದೆ ಅವಳು ಹತ್ತುತ್ತಿರಲಿಲ್ಲ. ನನಗೆ ಆಗ ಕೋಪ ಬಂದಿತ್ತು. ಖಾರ್ಕಿವ್‌ನ ಫೋನು ಕಿವಿಯಲ್ಲಿರುವಾಗ ಅವಳು ಮಾಡಿದ್ದು ಸರಿ ಅನ್ನಿಸಿತು.

ಆದರೆ ಟ್ರಾಲಿ ಬಸ್ಸಿನವನಿಗೆ 'ಯಾರ ಮನೆಯವ' ಅಂತ ಕೇಳಿ ಏನು ಪ್ರಯೋಜನ?

ಸುಬೇದಾರ್ರು ಫೋನಿಗೆ ಬಾಯಿ ಹಾಕಿದರು. 'ಮಗಳೇ, ಕಾರಿನ ಹಿಂದಿನ ಸೀಟಿನಲ್ಲಿ ಏನಿದೆ ನೋಡು.'

'ಬ್ರೆಡ್ಡು ತಾತಾ. ತುಂಬ ಬ್ರೆಡ್ಡು. ಮಕ್ಕಳ ಡಯಾಪರ್ ಪ್ಯಾಕೆಟ್ಟು. ಆಮೇಲೆ... ಬೆಕ್ಕಿನ ಊಟದ ಚೀಲ.'

'ಏನಂದೆ?'

'ಬೆಕ್ಕಿನ ಊಟ. ಕ್ಯಾಟ್ ಫುಡ್.'

ಸುಬೇದಾರ್ರು ನಮ್ಮ ಕಡೆ ತಿರುಗಿದರು. 'ಶೆಲ್ ಬೀಳೋವಾಗ ಬೆಕ್ಕಿಗೆ ಊಟ ಒಯ್ಯೋನು ಮಕ್ಕಳಿಗೆ ಕೇಡು ಮಾಡಲ್ಲ. ಹತ್ತಲಿ.'

ಅಕ್ಕ ನನ್ನ ಮುಖ ನೋಡಿದಳು. ನಾನು ಹತ್ತು ಅಂದೆ. ಕಾರಿನ ನಂಬರಿನ ಫೋಟೋ ಕಳಿಸಲು ಹೇಳಿದೆ. ಅವಳು ಕಳಿಸಿದಳು. ಅದನ್ನು ಇಟ್ಟುಕೊಂಡು ಮಾದಾಪುರದಲ್ಲಿ ಕೂತು ನಾವು ಏನು ಮಾಡುತ್ತಿದ್ದೆವೋ ಗೊತ್ತಿಲ್ಲ. ಸುಬೇದಾರ್ರು ಮಾತ್ರ ಆ ನಂಬರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಒಂಬತ್ತೂವರೆ ಆಯಿತು. ಸುದ್ದಿಯಿಲ್ಲ. ಕಣದಲ್ಲಿ ಸೊಳ್ಳೆ ಕಾಟ, ಆದರೂ ಯಾರೂ ಒಳಗೆ ಹೋಗಲಿಲ್ಲ. ಮನೆಯವಳು ಮೂರು ಸಲ ಕಾಫಿ ತಂದಳು. ಹನ್ನೊಂದು ದಾಟಿದ ಮೇಲೆ ಒಂದು ವಾಯ್ಸ್ ಮೆಸೇಜ್ ಬಂತು. ಪಿಸೋಚಿನ್ ಮುಟ್ಟಿದ್ದೇವೆ. ದಾರಿಯಲ್ಲಿ ಎರಡು ಕಡೆ ತಪಾಸಣೆ ಆಯಿತು. ಆತ ದುಡ್ಡು ಮುಟ್ಟಲಿಲ್ಲ. ಬ್ರೆಡ್ಡಿನಲ್ಲಿ ಎರಡು ನಮಗೆ ಕೊಟ್ಟು ವಾಪಸ್ ಊರೊಳಗೇ ಹೋದ. ಅಕ್ಕ ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದಳು. ಆಮೇಲೆ ಅನ್ನ ಕಲಸಿಕೊಂಡು ಅಲ್ಲೇ ಕುರ್ಚಿಯಲ್ಲಿ ಕೂತು ಉಂಡಳು.

ಮುಂದಿನದು ಎಲ್ಲರಿಗೂ ಗೊತ್ತಿರೋದೇ. ನಡೆದು ಬಂದ ಗುಂಪೂ ಕ್ಷೇಮವಾಗಿ ಸೇರಿತು. ಬಸ್ಸುಗಳು ಬರುವವರೆಗೆ ಪಿಸೋಚಿನ್‌ನಲ್ಲಿ ಅರೆಹೊಟ್ಟೆ. ಆಮೇಲೆ ಪಶ್ಚಿಮದ ಗಡಿ, ಪೋಲೆಂಡ್, ದೆಹಲಿ, ಬೆಂಗಳೂರು. ಆಪರೇಷನ್ ಗಂಗಾ ಅಂತ ಅದಕ್ಕೆ ಹೆಸರಿಟ್ಟರು. ಯುದ್ಧ ಶುರುವಾಗುವ ಮೊದಲೇ ಬಂದವರೂ ಸೇರಿ ಸುಮಾರು 22,500 ಜನ ವಾಪಸ್ ಬಂದರು ಅಂತ ಸರ್ಕಾರದ ಲೆಕ್ಕ. ಟಿವಿಯವರು ವಿಮಾನ ನಿಲ್ದಾಣದಲ್ಲಿ ಮೈಕು ಹಿಡಿದು ಕಾಯುತ್ತಿದ್ದರು. ಲಾಡಾ ಕಾರಿನ ವಿಷಯ ಅವಳನ್ನು ಯಾರೂ ಕೇಳಲಿಲ್ಲ.

ಆತನ ಜೊತೆ ನಮ್ಮ ಹುಡುಗಿ ಈಗಲೂ ಮೆಸೇಜ್ ಮಾಡುತ್ತಾಳೆ. ಫೋನೇ ಭಾಷೆ ಬದಲಿಸಿ ಕೊಡುತ್ತದಲ್ಲ. ಆತ ಕಾರು ಬಿಟ್ಟು ವ್ಯಾನು ಹಿಡಿದಿದ್ದಾನೆ. 2024ರ ಮೇನಲ್ಲಿ ಖಾರ್ಕಿವ್ ಪ್ರಾಂತ್ಯದ ವೊವ್ಚಾನ್ಸ್ಕ್ ಕಡೆ ಮತ್ತೆ ದಾಳಿಯಾದಾಗ ಅಲ್ಲಿಂದ ಮುದುಕರನ್ನು ಸಾಗಿಸುತ್ತಿದ್ದನಂತೆ. ಈಗ ಶೆಲ್ಲಿಗಿಂತ ಡ್ರೋನಿನ ಭಯ ಜಾಸ್ತಿ. ಓಡುವ ಗಾಡಿಯನ್ನೇ ಹುಡುಕಿಕೊಂಡು ಬರುತ್ತವೆ. ಕೆಲವು ರಸ್ತೆಗಳ ಮೇಲೆ ಉದ್ದಕ್ಕೂ ಬಲೆ ಕಟ್ಟಿದ್ದಾರೆ. ಮಳೆಯಿದ್ದರೆ, ಮಂಜು ಕವಿದಿದ್ದರೆ ಡ್ರೋನು ಹಾರಿಸೋದು ಕಷ್ಟ, ಹಾಗಾಗಿ ಅಂಥ ದಿನ ನೋಡಿ ಹೊರಡುತ್ತಾನಂತೆ. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಮಗೆ ಮಳೆ ಬಂದರೆ ಹೋಗೋಕ್ಕಾಗ್ತಿರಲಿಲ್ಲ. ಅವನಿಗೆ ಮಳೆ ಬಂದರೇನೇ ಹೋಗೋಕ್ಕಾಗೋದು.

ಅಲ್ಲಿಯ ಅಜ್ಜಿಯರೂ ಸುಲಭಕ್ಕೆ ಹೊರಡೋದಿಲ್ಲವಂತೆ. ಆಡು, ಕೋಳಿ, ನೆಲಮಾಳಿಗೆಯಲ್ಲಿ ಕೂಡಿಟ್ಟ ಆಲೂಗಡ್ಡೆ, ಒಂದಲ್ಲ ಒಂದು ಕಾರಣ. ಕಳೆದ ತಿಂಗಳು ನಾನು ಕೇಳಿಸಿದೆ, ಹಾಗಾದರೆ ಹೇಗೆ ಒಪ್ಪಿಸ್ತೀಯ ಅಂತ. ಮೊದಲ ಸಲ ಬರೀ ಬ್ರೆಡ್ಡು ಕೊಟ್ಟು ಬರ್ತೀನಿ, ಹೊರಡಿ ಅನ್ನೋದೇ ಇಲ್ಲ, ಎರಡನೇ ಸಲ ಮಾತು ಎತ್ತುತ್ತೀನಿ ಅಂತ ಉತ್ತರ ಬಂತು. ನಾವು ಏನಾದರೂ ಕಳಿಸಬಹುದಾ ಅಂತಲೂ ಕೇಳಿದ್ದೆ. ಬಟ್ಟೆ ಬೇಡ ಅಂತ ಮೊದಲೇ ಬರೆದಿದ್ದ. ರಸ್ತೆ ತುಂಬ ಕಬ್ಬಿಣದ ಚೂರು, ಟೈರು ಉಳಿಯೋದಿಲ್ಲ, ಟೈರಿಗೆ ಏನಾದರೂ ಆದರೆ ನೋಡಿ ಅಂದಿದ್ದ.

ಸುಬೇದಾರ್ರಿಗೆ ಹೇಳಿದೆ. ಅವರು ನೋಟ್‌ಬುಕ್ ಹುಡುಕಲು ಒಳಗೆ ಹೋಗುತ್ತಾ ಕೂಗಿದರು: 'ಸೈಜು ಎಷ್ಟು ಕೇಳು ಮೊದಲು. ಟ್ಯೂಬ್‌ಲೆಸ್ಸಾ ಕೇಳು.'