ಕಂದು ಹೊದಿಕೆಯ ಪುಸ್ತಕ

ಬ್ರಿಟನ್ನಿನಲ್ಲಿ ವೈರಿಂಗ್ ಕೆಲಸ ಮಾಡುವ ನಾವು ನಿಯಮ ಪುಸ್ತಕವನ್ನು ಅದರ ಹೊದಿಕೆಯ ಬಣ್ಣದಿಂದಲೇ ಗುರುತಿಸುತ್ತೇವೆ. 2008ರದ್ದು ಕೆಂಪು, 2011ರದ್ದು ಹಸಿರು, 2015ರದ್ದು ಹಳದಿ, 2018ರದ್ದು ನೀಲಿ. 2022ರ ವಸಂತದಲ್ಲಿ ಅಂಚೆಯಲ್ಲಿ ಬಂದು ನನ್ನ ಕೈಸೇರಿದ್ದು ಕಂದು ಬಣ್ಣದ್ದು, ಅಂದರೆ ವೈರಿಂಗಿನ ಬ್ರಿಟಿಷ್ ಮಾನಕವಾದ ಬಿಎಸ್ 7671ರ ಹದಿನೆಂಟನೆಯ ಆವೃತ್ತಿಯ ಎರಡನೆಯ ತಿದ್ದುಪಡಿ. ವಿದ್ಯುದ್ದೀಪಗಳಿಂದ ಬೆಂಕಿ ಹೊತ್ತಿಕೊಳ್ಳುವುದನ್ನು ತಡೆಯಲೆಂದು 1882ರಲ್ಲಿ ಲಂಡನ್ನಿನ ಟೆಲಿಗ್ರಾಫ್ ಎಂಜಿನಿಯರುಗಳ ಸಂಘವು ಹೊರತಂದ ಮೊದಲ ನಿಯಮಾವಳಿ ನಾಲ್ಕೇ ಪುಟಗಳದ್ದಾಗಿತ್ತು. ಅದರ ಈ ವಂಶಜ ಐನೂರು ಪುಟಗಳನ್ನು ದಾಟಿದೆ, ಒಂದು ಕೈಯಲ್ಲಿ ಹಿಡಿದು ಓದಿದರೆ ಮಣಿಕಟ್ಟು ನೋಯುತ್ತದೆ.

ಮೊದಲ ಪುಟದಿಂದ ಕೊನೆಯವರೆಗೆ ಓದಿಸಿಕೊಳ್ಳುವ ಜಾತಿಯ ಪುಸ್ತಕ ಇದಲ್ಲ. ಆದ್ದರಿಂದ ನೀಲಿ ಪ್ರತಿಯನ್ನು ಎಡಕ್ಕೂ ಕಂದು ಪ್ರತಿಯನ್ನು ಬಲಕ್ಕೂ ತೆರೆದಿಟ್ಟುಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು, ವ್ಯತ್ಯಾಸ ಕಂಡಲ್ಲೆಲ್ಲ ಗುರುತು ಹಾಕುತ್ತ ಹೋಗುವುದು ನನ್ನ ಪದ್ಧತಿ. ಅಂಕಿ ಬದಲಾಗಿದ್ದರೆ ಅದು ಕಣ್ಣಿಗೆ ತಾನಾಗಿಯೇ ಬೀಳುತ್ತದೆ. ಹಸಿರು ಪುಸ್ತಕದಲ್ಲಿ 32 ಆಂಪಿಯರಿನ ಬಿ ಮಾದರಿ ಎಂಸಿಬಿಗೆ (ಕರೆಂಟು ಮಿತಿಮೀರಿದಾಗ ತಾನಾಗಿ ಬಿದ್ದು ಸರ್ಕ್ಯೂಟನ್ನು ಕಡಿಯುವ ಸ್ವಿಚ್ಚಿಗೆ) ಲೂಪ್ ಇಂಪಿಡೆನ್ಸಿನ, ಅಂದರೆ ದೋಷವಾದಾಗ ಕರೆಂಟು ಸುತ್ತಿಬರುವ ದಾರಿಯ ಒಟ್ಟು ತಡೆಯ, ಮಿತಿ 1.44 ಓಮ್ ಇತ್ತು. ಸರಬರಾಜಿನ ವೋಲ್ಟೇಜು ಶೇಕಡಾ 5ರಷ್ಟು ಇಳಿದಿರಬಹುದೆಂದು ಲೆಕ್ಕ ಹಿಡಿದು ಹಳದಿ ಪುಸ್ತಕ ಅದನ್ನು 1.37 ಮಾಡಿತು. ಇಂಥದ್ದನ್ನು ಮೀಟರಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿಕೊಂಡರಾಯಿತು, ಮರೆಯುವ ಭಯವಿಲ್ಲ. ಕ್ರಿಯಾಪದ ಬದಲಾದಾಗ ಮಾತ್ರ ಕಣ್ಣು ಮೋಸ ಹೋಗುತ್ತದೆ.

ಅಂದು 421.1.7ನೆಯ ನಿಯಮದಲ್ಲಿ ನನಗೆ ಹಾಗೆಯೇ ಆಯಿತು. ವೈರಿಂಗಿನಲ್ಲಿ ಕಿಡಿ ಹಾರುವ ಆರ್ಕ್ ದೋಷವನ್ನು ಪತ್ತೆಹಚ್ಚುವ ಸಾಧನವನ್ನು, ಅಂದರೆ ಎಎಫ್‌ಡಿಡಿಯನ್ನು, ನೀಲಿ ಪುಸ್ತಕ ಬರೀ ಶಿಫಾರಸು ಮಾಡಿತ್ತು. ಶಿಫಾರಸು ಎಂದರೆ ನಮ್ಮ ವೃತ್ತಿಯಲ್ಲಿ ಏನೆಂಬುದು ಎಲ್ಲರಿಗೂ ಗೊತ್ತು: ಅಂದಾಜುಪಟ್ಟಿಯ ಕೊನೆಯ ಸಾಲಿನಲ್ಲಿ ಬರೆಯುವುದು, ಗ್ರಾಹಕರು ಬೇಡವೆಂದಾಗ ಹೊಡೆದುಹಾಕುವುದು. ಇದೇ ನಿಯಮವನ್ನು ಕಂದು ಪುಸ್ತಕದಲ್ಲಿ ಮೊದಲ ಸಲ ಹಳೆಯದೇ ಎಂದುಕೊಂಡು ದಾಟಿಬಿಟ್ಟಿದ್ದೆ. ಎರಡು ಪುಟ ಮುಂದೆ ಹೋದ ಮೇಲೆ ಏನೋ ತಪ್ಪಿದಂತೆನಿಸಿ ಹಿಂದಿರುಗಿದೆ. ಎತ್ತರದ ವಸತಿ ಕಟ್ಟಡಗಳು, ಬೇರೆ ಬೇರೆ ಕುಟುಂಬಗಳವರು ಒಟ್ಟಿಗೆ ಹಂಚಿಕೊಳ್ಳುವ ಮನೆಗಳು, ವಿದ್ಯಾರ್ಥಿಗಳಿಗಾಗಿಯೇ ಕಟ್ಟಿದ ವಸತಿಗಳು, ಆರೈಕೆ ಬೇಕಾದವರು ವಾಸಿಸುವ ಕೇರ್ ಹೋಮ್‌ಗಳು, ಈ ನಾಲ್ಕು ಕಡೆ 32 ಆಂಪಿಯರ್ ಮೀರದ ಸಾಕೆಟ್ಟುಗಳಿಗೆ ವಿದ್ಯುತ್ ಒಯ್ಯುವ ಸಿಂಗಲ್ ಫೇಸ್ ಸರ್ಕ್ಯೂಟುಗಳಿಗೆ ಅದನ್ನು ಅಳವಡಿಸತಕ್ಕದ್ದು ಎಂಬ ಧಾಟಿಯಲ್ಲಿ ವಾಕ್ಯ ಬದಲಾಗಿತ್ತು. ಕನ್ನಡದ ಸರಕಾರಿ ಆದೇಶಗಳನ್ನು ಓದಿ ಬೆಳೆದವನಿಗೆ ಆ ‘ತಕ್ಕದ್ದು’ವಿನ ತೂಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ಮೇಜಿನ ಮೇಲೆ, ಕಂದು ಪುಸ್ತಕದ ಕೆಳಗೆ, ಒಂದು ಕೇರ್ ಹೋಮಿನ ಹೊಸ ಭಾಗಕ್ಕೆ ನಾನು ಸಿದ್ಧಪಡಿಸುತ್ತಿದ್ದ ನಕ್ಷೆ ಇತ್ತು. ಅದರಲ್ಲಿ ಹನ್ನೆರಡು ಸಾಕೆಟ್ ಸರ್ಕ್ಯೂಟುಗಳು, ಎಎಫ್‌ಡಿಡಿ ಒಂದೂ ಇಲ್ಲ.

ಈ ಸಾಧನದ ಬಗ್ಗೆ ನನಗೆ ಅಲ್ಲಿಯವರೆಗೆ ಅರ್ಧ ನಂಬಿಕೆಯಷ್ಟೇ ಇತ್ತು. ಆದರೆ ಕೆಲವು ವರ್ಷಗಳ ಹಿಂದೆ ಗೋಡೆಯಿಂದ ಬಿಚ್ಚಿ ತೆಗೆದ ಒಂದು ಸಾಕೆಟ್ಟು ಆಗ ನೆನಪಿಗೆ ಬಂತು. ನ್ಯೂಟ್ರಲ್ ತಂತಿಯ ಸ್ಕ್ರೂ ಕಾಲು ಸುತ್ತಿನಷ್ಟು ಸಡಿಲವಾಗಿತ್ತು. ತಾಮ್ರದ ತುದಿ ಕಪ್ಪಾಗಿ, ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳಿಗಳು ಬಿದ್ದಿದ್ದವು. ಸುತ್ತಲಿನ ಪ್ಲಾಸ್ಟಿಕ್ಕು ಕಂದಿ, ಬೆರಳು ತಾಗಿಸಿದರೆ ಪುಡಿಯಾಗುತ್ತಿತ್ತು. ಎಂಸಿಬಿ ಒಮ್ಮೆಯೂ ಬಿದ್ದಿರಲಿಲ್ಲ, ಬೀಳುವ ಕಾರಣವೂ ಇರಲಿಲ್ಲ: ಹರಿಯುತ್ತಿದ್ದುದು 3 ಕಿಲೋವ್ಯಾಟಿನ ಹೀಟರಿನ 13 ಆಂಪಿಯರ್ ಮಾತ್ರ. ಭೂಮಿಗೆ ಸೋರಿಕೆಯಿಲ್ಲದ್ದರಿಂದ, ಅಂಥ ಸೋರಿಕೆ ಕಂಡಾಗ ಸರ್ಕ್ಯೂಟನ್ನು ಕಡಿಯುವ ಆರ್‌ಸಿಡಿಗೂ ಅದು ಕಾಣುವಂತಿರಲಿಲ್ಲ. ಕಿಡಿ ಹಾರುವಾಗ ಕರೆಂಟಿನ ಅಲೆಯಲ್ಲಿ ಮೂಡುವ ವಿಕಾರವನ್ನು ಓದಿ ಸರ್ಕ್ಯೂಟನ್ನು ಕತ್ತರಿಸುವುದು ಎಎಫ್‌ಡಿಡಿಯ ಕೆಲಸ. ಕಿಡಿಯಿಲ್ಲದೆ ಬರೀ ಬಿಸಿಯೇರುತ್ತ ಹೋಗುವ ಜೋಡಣೆಯನ್ನು ಅದೂ ಗುರುತಿಸದು, ಹಾಗಾಗಿ ಸ್ಕ್ರೂವನ್ನು ಸರಿಯಾಗಿ ಬಿಗಿಯುವ ಕೈಗೆ ಅದು ಬದಲಿಯಲ್ಲ. ಆದರೂ ರಾತ್ರಿಯ ಹೊತ್ತು ಹಾಸಿಗೆಯಿಂದ ತಾವಾಗಿ ಏಳಲಾರದವರು ಮಲಗಿರುವ ಕಟ್ಟಡದಲ್ಲಿ ಅದು ಬೇಡವೆಂದು ವಾದಿಸಲು ನನ್ನ ಬಳಿ ಮಾತಿರಲಿಲ್ಲ.

ಉಳಿದ ಬದಲಾವಣೆಗಳಲ್ಲಿ ಆರ್‌ಸಿಡಿಯದ್ದೇ ದೊಡ್ಡದು. ಎಸಿ ಮಾದರಿಯ ಆರ್‌ಸಿಡಿಯನ್ನು, ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟಿನ) ಅಂಶ ಇರುವುದಿಲ್ಲವೆಂದು ಖಚಿತವಾಗಿ ತಿಳಿದಿರುವ ಸ್ಥಿರ ಉಪಕರಣಗಳಿಗೆ ಮಾತ್ರ ಬಳಸಬೇಕೆಂದು ಹೊಸ ಪುಸ್ತಕ ಸೀಮಿತಗೊಳಿಸಿದೆ. ಇನ್ವರ್ಟರ್ ಮೋಟಾರಿನ ಬಟ್ಟೆ ಒಗೆಯುವ ಯಂತ್ರ, ಎಲ್‌ಇಡಿ ದೀಪ, ಕಾರಿನ ಚಾರ್ಜರ್ ಇವುಗಳಿಂದ ಬರುವ ಡಿಸಿ ಸೋರಿಕೆ ಆರ್‌ಸಿಡಿಯ ಒಳಗಿನ ಕಬ್ಬಿಣದ ತಿರುಳಿನಲ್ಲಿ ಕಾಂತತ್ವವನ್ನು ತುಂಬಿ ಮರಗಟ್ಟಿಸಿಬಿಟ್ಟರೆ, ನಿಜವಾದ ಸೋರಿಕೆ ಬಂದಾಗಲೂ ಅದು ಮಿಸುಕುವುದಿಲ್ಲ. ಇದನ್ನು ಓದಿ ತಲೆದೂಗಿದೆ. ಪರೀಕ್ಷೆಯ ಅಧ್ಯಾಯ ಮಾತ್ರ ಸ್ವಲ್ಪ ಕಸಿವಿಸಿ ಮಾಡಿತು. ಆರ್‌ಸಿಡಿಗೆ ಐದು ಪಟ್ಟು ಕರೆಂಟು ಹರಿಸಿ 40 ಮಿಲಿಸೆಕೆಂಡಿನೊಳಗೆ ಬೀಳುತ್ತದೆಯೇ ಎಂದು ನೋಡುವುದು ನನಗೆ ಊಟಕ್ಕೆ ಮುಂಚೆ ಕೈತೊಳೆದಷ್ಟು ರೂಢಿಯಾಗಿತ್ತು. ಈಗ ಸಾಧನದ ಮೇಲೆ ನಮೂದಿಸಿರುವ ಕರೆಂಟಿಗೆ, ಸಾಮಾನ್ಯ ಮಾದರಿಯದಾದರೆ, 300 ಮಿಲಿಸೆಕೆಂಡಿನೊಳಗೆ ಬಿದ್ದರೆ ಸಾಕು. ಬೆರಳು ಇಂದಿಗೂ ಒಮ್ಮೊಮ್ಮೆ ಮೀಟರಿನ ಆ ಹಳೆಯ ಗುಂಡಿಯತ್ತ ಹೋಗುತ್ತದೆ.

ಮಧ್ಯಾಹ್ನ ಕೇರ್ ಹೋಮಿನ ವ್ಯವಸ್ಥಾಪಕಿಗೆ ಫೋನು ಮಾಡಿದೆ. ಹಳೆಯ ಪುಸ್ತಕದ ಪ್ರಕಾರ ವಿನ್ಯಾಸ ಮಾಡಲು ಸೆಪ್ಟೆಂಬರ್ 27ರವರೆಗೆ ಅವಕಾಶವಿತ್ತು, ಆದ್ದರಿಂದ ನನ್ನ ನಕ್ಷೆ ಹಾಗೆಯೇ ಹೋದರೂ ಯಾರೂ ಆಕ್ಷೇಪಿಸುವಂತಿರಲಿಲ್ಲ. ಆ ಸಂಗತಿಯನ್ನೂ ಖರ್ಚು ಹೆಚ್ಚಾಗುವ ಸಂಗತಿಯನ್ನೂ ಮುಚ್ಚಿಡದೆ ಹೇಳಿ, ಹೊಸ ನಿಯಮದಂತೆ ಮಾಡುವುದೇ ನನ್ನ ಸಲಹೆ ಎಂದೆ. ಆಕೆ ಖರ್ಚಿನ ಬಗ್ಗೆ ಕೇಳಲಿಲ್ಲ. “ಹಾಗಾದರೆ ಹಿಂದೆ ನೀವೇ ಮಾಡಿಕೊಟ್ಟ ಹಳೆಯ ಭಾಗ ಅಪಾಯಕಾರಿಯೇ?” ಎಂದು ಕೇಳಿದರು. ನಾನು ಪುಸ್ತಕದ ಆರಂಭದ ಪುಟಗಳನ್ನು ತಿರುವಿ, ಹಿಂದಿನ ಆವೃತ್ತಿಗಳಿಗೆ ಅನುಸಾರವಾಗಿ ಮಾಡಿದ ವೈರಿಂಗ್ ಈಗಿನ ಆವೃತ್ತಿಗೆ ಹೊಂದದಿದ್ದ ಮಾತ್ರಕ್ಕೆ ಅದು ಅಸುರಕ್ಷಿತವೆಂದೇನೂ ಅಲ್ಲ ಎಂಬ ಅರ್ಥದ ಮಾತನ್ನು ಓದಿ ಹೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಮೌನವಿತ್ತು. ಆ ಮಾತು ನಿಜವೇ, ಆದರೆ ನನ್ನದೇ ಕೆಲಸದ ಪರವಾಗಿ ನಾನೇ ಓದಿ ಹೇಳುವಾಗ ಅದು ಅಷ್ಟೇನೂ ಗಟ್ಟಿಯಾಗಿ ಕೇಳಿಸಲಿಲ್ಲ. ಹಳೆಯ ಭಾಗದ ಸಾಕೆಟ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಸ್ಕ್ರೂಗಳನ್ನು ಪರೀಕ್ಷಿಸಿ ಕೊಡುತ್ತೇನೆಂದು ಒಪ್ಪಿಕೊಂಡೆ.

ಫೋನಿಟ್ಟ ಮೇಲೆ ನಕ್ಷೆಯ ಹನ್ನೆರಡು ಸರ್ಕ್ಯೂಟುಗಳ ಮುಂದೆಯೂ ‘ಎಎಫ್‌ಡಿಡಿ’ ಎಂದು ಬರೆದು, ನೀಲಿ ಪುಸ್ತಕವನ್ನು ಕಪಾಟಿನಲ್ಲಿ ಹಳದಿಯ ಪಕ್ಕಕ್ಕೆ ಸೇರಿಸಿದೆ. ಅದನ್ನು ಎಸೆಯುವಂತಿಲ್ಲ, ಅದರಂತೆ ನಾನು ಎಳೆದ ವೈರುಗಳು ಇನ್ನೂ ಗೋಡೆಗಳೊಳಗಿವೆ.