ಮೇಲಿನ ಬೋಲ್ಟು ಮತ್ತು 3.4 ವೋಲ್ಟು

ನಮ್ಮ ಗ್ಯಾರೇಜಿಗೆ ಸಿರುಗುಪ್ಪ ಕಡೆಯಿಂದ ಬಂದದ್ದು 1972ರ ಮಾರ್ಕ್ 2 ಅಂಬಾಸಡರ್ ಕಾರು. ಮಾರನೇ ದಿನ ಮದುವೆ, ಮೆರವಣಿಗೆಗೆ ಅದೇ ಗಾಡಿ ಬೇಕು. ಎರಡು ತಿಂಗಳ ಹಿಂದೆ ಬೇರೆ ಕಡೆ ಪೂರ್ತಿ ಪೇಂಟ್ ಮಾಡಿಸಿದ್ದರು. "ಅಣ್ಣಾ, ಸೆಲ್ಫ್ ಎಳೀತಾ ಇಲ್ಲ, ಮೊನ್ನೆಯಿಂದ ಹ್ಯಾಂಡಲ್ ಹೊಡೆದೇ ಸ್ಟಾರ್ಟ್ ಮಾಡ್ತಿದೀವಿ" ಅಂದರು. ಸೆಲ್ಫ್ ಅಂದರೆ ಇಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರು. ಕೀ ತಿರುಗಿಸಿದರೆ ಇಂಜಿನ್ ನರಳುತ್ತಾ ಎರಡು ಸುತ್ತು ತಿರುಗಿ ನಿಲ್ಲುತ್ತಿತ್ತು. ಹೆಡ್‌ಲೈಟ್ ಹಚ್ಚಿ ಮತ್ತೆ ಸೆಲ್ಫ್ ಹೊಡೆದೆ. ಬೆಳಕು ಮಂಕಾಗಲಿಲ್ಲ. ಬ್ಯಾಟರಿ ಗಟ್ಟಿ ಇದೆ, ಹಾಗಾದರೆ ಸೆಲ್ಫೇ ಹೋಗಿದೆ ಅಂತ ಜಾಬ್ ಕಾರ್ಡಿನಲ್ಲಿ ಬರೆದುಬಿಟ್ಟೆ. ತಪ್ಪಿದ್ದು ಅಲ್ಲೇ.

ಈ 1489 ಸಿಸಿ ಬಿ-ಸೀರೀಸ್ ಇಂಜಿನ್ನಿನಲ್ಲಿ ಮ್ಯಾನಿಫೋಲ್ಡ್, ಕಾರ್ಬುರೇಟರ್ ಎಡಕ್ಕೆ. ಪ್ಲಗ್ಗು, ಅವಕ್ಕೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಆಯಿಲ್ ಫಿಲ್ಟರ್, ಅವುಗಳ ಕೆಳಗೆ ಸೆಲ್ಫ್, ಎಲ್ಲ ಬಲಕ್ಕೆ. ಸ್ಟಿಯರಿಂಗೂ ನಮ್ಮಲ್ಲಿ ಬಲಕ್ಕೇ. ಸೆಲ್ಫ್ ಹಿಡಿದಿರುವುದು ಎರಡೇ ಬೋಲ್ಟು. ಕೆಳಗಿನದು ಗಾಡಿಯ ಅಡಿಯಿಂದ ಸಿಗುತ್ತದೆ. ಮೇಲಿನದು ಡಿಸ್ಟ್ರಿಬ್ಯೂಟರ್ ಹಿಂದೆ ಅವಿತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಬೆರಳಿನಲ್ಲೇ ಹುಡುಕಬೇಕು.

ಬ್ಯಾಟರಿಯ ತಂತಿ ಬಿಚ್ಚದೆ ಅಲ್ಲಿ ಪಾನಾ ಇಳಿಸಬಾರದು. ಸೆಲ್ಫಿನ ಟರ್ಮಿನಲ್‌ಗೆ ಬರುವ ದಪ್ಪ ಕೇಬಲ್‌ಗೆ ಫ್ಯೂಸ್ ಇಲ್ಲ. ಹಳೆಯ ಡೈನಮೋ ಗಾಡಿಯಾದರೆ ಪಾಸಿಟಿವ್ ಅರ್ಥ್ ಇರಬಹುದು, ಅಂದರೆ ಪ್ಲಸ್ಸೇ ಬಾಡಿಯ ಲೋಹಕ್ಕೆ ಸೇರಿರಬಹುದು. ಪ್ಲಸ್ಸೋ ಮೈನಸ್ಸೋ, ಬಾಡಿಯ ಲೋಹಕ್ಕೆ ಹೋಗುವ ತಂತಿ ಯಾವುದೋ ಅದನ್ನು ಮೊದಲು ಬಿಚ್ಚಿ, ಕೊನೆಗೆ ಹಾಕಿ.

ಡಿಸ್ಟ್ರಿಬ್ಯೂಟರ್ ತೆಗೆದರೆ ಕೈ ಹೋಗಲು ಜಾಗ ಆಗುತ್ತದೆ. ಅದರ ಕ್ಲಾಂಪ್ ಪ್ಲೇಟನ್ನು ಬ್ಲಾಕಿಗೆ ಹಿಡಿದಿರುವ ಎರಡು ಸ್ಕ್ರೂ ಮಾತ್ರ ಬಿಚ್ಚಬೇಕು. ಕ್ಲಾಂಪನ್ನು ಡಿಸ್ಟ್ರಿಬ್ಯೂಟರಿನ ಸುತ್ತ ಬಿಗಿಯುವ ಪಿಂಚ್ ಬೋಲ್ಟ್ ಮುಟ್ಟದಿದ್ದರೆ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಕದಲುವುದಿಲ್ಲ, ಏಕೆಂದರೆ ಶಾಫ್ಟಿನ ತುದಿಯ ನಾಲಿಗೆ ಮಧ್ಯದಿಂದ ಸ್ವಲ್ಪ ಸರಿದಿದೆ, ಒಂದೇ ರೀತಿ ಕೂರುತ್ತದೆ. ಜೊತೆಗಿದ್ದ ಹುಡುಗನಿಗೆ ಇದನ್ನು ನಾನು ಹೇಳಿರಲಿಲ್ಲ. ಅವನು ಪಿಂಚ್ ಬೋಲ್ಟನ್ನೇ ಸಡಿಲಿಸಿದ. ಆಮೇಲೆ ಟೆಸ್ಟ್ ಲ್ಯಾಂಪ್ ಹಿಡಿದು ಡಿಸ್ಟ್ರಿಬ್ಯೂಟರಿನೊಳಗಿನ ಕಾಂಟ್ಯಾಕ್ಟ್ ಪಾಯಿಂಟ್ ತೆರೆಯುವ ಜಾಗ ಹುಡುಕಿ ಟೈಮಿಂಗ್ ಕೂರಿಸಲು ಮುಕ್ಕಾಲು ಗಂಟೆ ಹೋಯಿತು.

ಮೂಲ ಬೋಲ್ಟಿನ ತಲೆ 9/16 ಇಂಚು, ಅಂದರೆ 14.29 ಮಿಮೀ. 14ರ ಪಾನಾ ಕೂರುವುದಿಲ್ಲ. 15 ಸಲೀಸಾಗಿ ಕೂರುತ್ತದೆ, ಬಲ ಹಾಕಿದಾಗ ಮೂಲೆ ತಿಂದುಬಿಡುತ್ತದೆ. ನಮ್ಮ ಟೂಲ್ ಬೋರ್ಡಿನಲ್ಲಿ ಇಂಚಿನ ಸೆಟ್ ಅರ್ಧಕ್ಕರ್ಧ ಖಾಲಿ. ಹೊಸ ಗಾಡಿಗಳೆಲ್ಲ ಎಂಎಂ, ಇಂಚಿನ ಪಾನಾ ಯಾಕೆ ಅನ್ನುವುದು ಆಫೀಸಿನ ಮಾತು. ಮೇಲಿನ ಬೋಲ್ಟಿನ ಎರಡು ಮೂಲೆ ಯಾರೋ ಮೊದಲೇ ತಿಂದಿದ್ದರು. ಆರು ಮೂಲೆಯ 9/16 ಸಾಕೆಟ್ಟು, ಉದ್ದ ಎಕ್ಸ್‌ಟೆನ್ಷನ್ನು ಪಕ್ಕದ ಲಾರಿ ಗ್ಯಾರೇಜಿನಿಂದ ತಂದು, ತುಕ್ಕಿನ ಎಣ್ಣೆ ಬಿಟ್ಟು ಇಪ್ಪತ್ತು ನಿಮಿಷ ಕಾದ ಮೇಲೆ ಕದಲಿತು. ಮೇ ತಿಂಗಳ ಮಧ್ಯಾಹ್ನ ಬಳ್ಳಾರಿಯಲ್ಲಿ ಆ ಬಾನೆಟ್ ಅಡಿ ಕೈ ಇಟ್ಟವರಿಗೆ ಆ ಇಪ್ಪತ್ತು ನಿಮಿಷ ಎಷ್ಟೆಂದು ಗೊತ್ತು.

ಎರಡೂ ಬೋಲ್ಟ್ ಬಂದ ಮೇಲೆ ಸೆಲ್ಫನ್ನು ನೇರ ಕೆಳಕ್ಕೆ ಎಳೆಯಬೇಡಿ. ಮೊದಲು ಮುಂದಕ್ಕೆ ಸರಿಸಿ, ಸೆಲ್ಫಿನ ತುದಿಯ ಬೆಂಡಿಕ್ಸ್, ಅಂದರೆ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರದ ಜೋಡಣೆ, ಕ್ಲಚ್ಚಿನ ಗೂಡಾದ ಬೆಲ್ ಹೌಸಿಂಗಿನಿಂದ ಪೂರ್ತಿ ಹೊರಬಂದ ಮೇಲೆ ಕೆಳಕ್ಕೆ ಇಳಿಸಿ. ಅಡಿಯಲ್ಲಿ ಇನ್ನೊಬ್ಬರು ಹಿಡಿದಿರಲಿ, ತೂಕದ ವಸ್ತು. ಸೆಲ್ಫ್ ಇಳಿದ ತೂತಿನಿಂದ ಟಾರ್ಚ್ ಬಿಟ್ಟು, ಪಿನಿಯನ್ ಕಚ್ಚುವ ದೊಡ್ಡ ಹಲ್ಲಿನ ಬಳೆ ರಿಂಗ್ ಗೇರ್ ನೋಡುವುದನ್ನು ಮರೆಯಬೇಡಿ. ಹ್ಯಾಂಡಲ್ಲಿನಿಂದ ಇಂಜಿನ್ ಒಂದು ಪೂರ್ತಿ ಸುತ್ತು ತಿರುಗಿಸಿ. ನಾಲ್ಕು ಸಿಲಿಂಡರ್ ಇಂಜಿನ್ ಹೆಚ್ಚಾಗಿ ಎರಡೇ ಜಾಗದಲ್ಲಿ ನಿಲ್ಲುವುದರಿಂದ ಹಲ್ಲು ಸವೆಯುವುದೂ ಆ ಎದುರುಬದುರು ಜಾಗಗಳಲ್ಲೇ. ಹೊಸ ಸೆಲ್ಫಿನ ಪಿನಿಯನ್ ಹಲ್ಲನ್ನು ಹಳೆಯದರ ಜೊತೆ ಎಣಿಸಿ ನೋಡಿಯೇ ಹಾಕಿ.

ಬೆಂಡಿಕ್ಸಿಗೆ ಆಯಿಲ್, ಗ್ರೀಸ್ ಹಚ್ಚುವ ಚಾಳಿ ನಮ್ಮ ಕಡೆ ಬಹಳ. ಈ ಇಂಜಿನ್ನಿನ ಹಿಂಬದಿಯಲ್ಲಿ ಆಯಿಲ್ ಸೀಲ್ ಇಲ್ಲ, ಆಯಿಲನ್ನು ಒಳಕ್ಕೆ ತಳ್ಳುವ ಸುರುಳಿ ಗೀರು, ಅಂದರೆ ಸ್ಕ್ರೋಲ್ ಮಾತ್ರ. ಹಾಗಾಗಿ ಬೆಲ್ ಹೌಸಿಂಗಿಗೆ ಆಯಿಲ್ ಹೇಗೂ ಬರುತ್ತದೆ. ಕ್ಲಚ್ಚಿನ ಪುಡಿ, ಸಂಡೂರು ತೋರಣಗಲ್ಲು ರಸ್ತೆಯ ಅದಿರಿನ ದೂಳು ಅದರಲ್ಲಿ ಕಲೆತು ಅಂಟಾಗಿ, ಪಿನಿಯನ್ ಜಾರದೆ ನಿಲ್ಲುತ್ತದೆ. ಸೆಲ್ಫ್ ಗುಯ್ ಅಂತ ತಿರುಗುತ್ತದೆ, ಇಂಜಿನ್ ತಿರುಗುವುದಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹಾಗೇ ಹಾಕಿ. ಪಿನಿಯನ್ ಹಲ್ಲಿಗೆ ಸಿಕ್ಕಿ ನಿಂತಿದ್ದರೆ ಸೆಲ್ಫ್ ಇಳಿಸುವುದೇ ಬೇಡ. ಸೆಲ್ಫಿನಲ್ಲಿ ಪಿನಿಯನ್ ಇಲ್ಲದ ಕಡೆಯ ಸಣ್ಣ ಮುಚ್ಚಳ ತೆಗೆದರೆ ಶಾಫ್ಟಿನ ಚೌಕ ತುದಿ ಸಿಗುತ್ತದೆ, ಪಾನಾ ಹಾಕಿ ತಿರುಗಿಸಿದರೆ ಬಿಡುತ್ತದೆ.

ಸಂಜೆ ಆರಕ್ಕೆ ಹೊಸ ಸೆಲ್ಫ್ ಕೂತಿತು. ಕೀ ತಿರುಗಿಸಿದೆ. ಅದೇ ನರಳಾಟ, ಅದೇ ಎರಡು ಸುತ್ತು.

ಗಾಡಿಯವರು ಬಾನೆಟ್ ಪಕ್ಕದಲ್ಲೇ ನಿಂತಿದ್ದರು, ಏನೂ ಮಾತಾಡಲಿಲ್ಲ. ಹೊಸ ಸೆಲ್ಫೇ ಕೆಟ್ಟದ್ದಿರಬೇಕು, ಮತ್ತೆ ಇಳಿಸೋಣ ಅಂತ ಕೈ ಪಾನಾ ಕಡೆ ಹೋಗಿತ್ತು. ಇನ್ನೊಂದು ಸಲ ಹೊಡೆಯಲು ಹೇಳಿದೆ. ಆಗ ಹುಡುಗ "ಅಣ್ಣಾ, ಚೋಕ್ ವೈರ್ ಸುಡ್ತೈತಿ" ಅಂದ. ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ, ಕವರ್ ಮೆತ್ತಗಾಗಿ ವಾಸನೆ ಬರುತ್ತಿತ್ತು.

ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಬ್ಯಾಟರಿಯ ಅರ್ಥ್ ಬಾಡಿಯ ಲೋಹಕ್ಕೆ ಇದೆ. ಬಾಡಿಯಿಂದ ಇಂಜಿನ್‌ಗೆ ಕರೆಂಟ್ ದಾಟಬೇಕಾದರೆ ಹೆಣೆದ ತಾಮ್ರದ ಅರ್ಥ್ ಪಟ್ಟಿ ಒಂದೇ ದಾರಿ. ಆ ದಾರಿ ಮುಚ್ಚಿದರೆ ಚೋಕ್ ವೈರು, ಸ್ಪೀಡೋಮೀಟರ್ ಕೇಬಲ್ಲು, ಸಿಕ್ಕಿದ್ದರ ಮೂಲಕ ನುಗ್ಗುತ್ತದೆ. ನಮ್ಮ ಮೀಟರಿನ ಸೆಲ್ ಸತ್ತು ವಾರವಾಗಿತ್ತು, ಅದನ್ನೂ ಪಕ್ಕದಿಂದ ತಂದೆವು. ಒಂದು ಮೊನೆ ಬ್ಯಾಟರಿಯ ಅರ್ಥ್ ಕಂಬದ ಮೇಲೆ, ಇನ್ನೊಂದು ಬ್ಲಾಕಿನ ಬರಿಯ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆದಾಗ 3.4 ವೋಲ್ಟ್. ಅರ್ಧ ವೋಲ್ಟ್ ದಾಟಿದರೇ ಅಲ್ಲಿ ರೋಗ ಇದೆ ಅಂತ ಲೆಕ್ಕ. ಅದೇ ಹೊತ್ತಿಗೆ ಬ್ಯಾಟರಿಯ ಎರಡು ಕಂಬಗಳ ನಡುವೆ 11.4 ಇತ್ತು.

ಹೆಡ್‌ಲೈಟ್ ಅದನ್ನೇ ಹೇಳಿತ್ತು. ಹೆಡ್‌ಲೈಟಿನ ಅರ್ಥ್ ಬಾಡಿಯಲ್ಲೇ ಮುಗಿಯುತ್ತದೆ, ಪಟ್ಟಿಯ ಹಂಗಿಲ್ಲ. ಸೆಲ್ಫ್ ನಿಧಾನ, ಬೆಳಕು ಮಂಕಾಗುವುದಿಲ್ಲ ಅಂದರೆ ಕರೆಂಟು ಸೆಲ್ಫಿಗೆ ಬೇಕಾದಷ್ಟು ತಲುಪುತ್ತಿಲ್ಲ: ಅರ್ಥ್, ಕೇಬಲ್, ಸೆಲ್ಫಿಗೆ ಕರೆಂಟು ಬಿಡುವ ಸ್ವಿಚ್ಚಾದ ಸೊಲೆನಾಯ್ಡ್ ನೋಡಬೇಕು. ಕಾರ್ಬನ್ ಬ್ರಷ್ ಸವೆದಿದ್ದರೂ ಹೀಗಾಗುತ್ತದೆ, ಆದರೆ ಅದು ಕೊನೆಯ ಅನುಮಾನ. ಸೆಲ್ಫ್ ನಿಧಾನ, ಬೆಳಕೂ ಪೂರ್ತಿ ಬೀಳುತ್ತದೆ ಅಂದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫಿನ ಬುಷ್ ಸವೆದು ಒಳಗೆ ತಿರುಗುವ ಆರ್ಮೇಚರ್ ಉಜ್ಜುತ್ತಾ ಕರೆಂಟು ತಿನ್ನುತ್ತಿದೆ.

ತಂತಿ ಕೂಡಿದೆ ಅನ್ನುವ ಮೀಟರಿನ ಬೀಪ್ ನಂಬಿ ಪಟ್ಟಿ ಸರಿ ಇದೆ ಅನ್ನಬೇಡಿ. 0.02 ಓಮ್ ತಡೆ ಇದ್ದರೂ ಬೀಪ್ ಬರುತ್ತದೆ. ಅದರಲ್ಲಿ 170 ಆಂಪಿಯರ್ ಹರಿದಾಗ 3.4 ವೋಲ್ಟ್ ಅಲ್ಲೇ ಕರಗುತ್ತದೆ. ಲೋಡ್ ಇದ್ದಾಗ ಅಳೆದದ್ದೇ ಅಳತೆ. ಮೀಟರ್ ಇಲ್ಲದಿದ್ದರೆ ಜಂಪರ್ ಕೇಬಲ್ ಒಂದನ್ನು ಬ್ಯಾಟರಿಯ ಅರ್ಥ್ ಕಂಬದಿಂದ ನೇರ ಬ್ಲಾಕಿಗೆ ಕಚ್ಚಿಸಿ ಹೊಡೆಯಿರಿ. ಇಂಜಿನ್ ಗರಗರ ತಿರುಗಿದರೆ ದೋಷ ಪಟ್ಟಿಯಲ್ಲಿ. ಒಂದು ನಿಮಿಷದ ಕೆಲಸ, ನಾನು ಮಧ್ಯಾಹ್ನವೇ ಮಾಡಬಹುದಿತ್ತು.

ಪಟ್ಟಿ ತುಂಡಾಗಿರಲಿಲ್ಲ. ಪಟ್ಟಿಯ ತುದಿಯ ಲೋಹದ ಬಳೆ, ಬಾಡಿ ಕಡೆಯ ಲಗ್ಗನ್ನು, ಹೊಸ ಪೇಂಟಿನ ಮೇಲೇ ಬಿಗಿದಿದ್ದರು. ಕರೆಂಟು ದಾಟುತ್ತಿದ್ದುದು ಬೋಲ್ಟಿನ ಮರೆಯಲ್ಲಿ ಸಿಕ್ಕ ಚೂರು ಜಾಗದಿಂದ. ಲಗ್ಗಿನ ಅಗಲದಷ್ಟು ಪೇಂಟ್ ಕೆರೆದು, ಮರಳು ಕಾಗದ ಹಾಕಿ ಬೆಳ್ಳಗೆ ಮಾಡಿ, ಹಲ್ಲಿನ ವಾಷರ್ ಕೊಟ್ಟು ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಮಾತ್ರ ಗ್ರೀಸ್ ಹಚ್ಚಿದೆವು. ಬ್ಲಾಕಿನ ಕಡೆಯದೂ ಹಾಗೇ. ಮತ್ತೆ ಅಳೆದರೆ 0.2. ಬೆಂದ ಚೋಕ್ ವೈರ್ ಬದಲಿಸಿದೆವು.

ಹಳೆಯ ಸೆಲ್ಫ್ ಬಿಚ್ಚಿ ನೋಡಿದೆ. ಬ್ರಷ್ 12 ಮಿಮೀ ಉಳಿದಿದೆ, 8ಕ್ಕೆ ಬಂದರೆ ಬದಲಿಸುವುದು. ಬ್ರಷ್ ಉಜ್ಜುವ ಕಮ್ಯುಟೇಟರ್ ನುಣುಪಾಗಿದೆ, ಬುಷ್ ಆಡುವುದಿಲ್ಲ. ಅದನ್ನೇ ತಿರುಗಿ ಹಾಕಬೇಕಿತ್ತು, ಮತ್ತೆ ಆ ಮೇಲಿನ ಬೋಲ್ಟಿಗೆ ಕೈ ಇಡಲು ಹೊತ್ತಿರಲಿಲ್ಲ. ಹೊಸದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಜಾಬ್ ಕಾರ್ಡಿನಲ್ಲಿ ಕಂಪ್ಲೇಂಟ್, ಪಾರ್ಟ್, ಲೇಬರ್ ಅಂತ ಮೂರೇ ಕಾಲಂ ಇವೆ, ಅಳತೆ ಬರೆಯಲು ಜಾಗವೇ ಇಲ್ಲ. ನಾಲ್ಕನೇ ಕಾಲಂ ಹಾಕಿಸಿಕೊಡಿ ಅಂತ ಕೇಳಿ ಮೂರು ವಾರವಾಯಿತು. ಅಲ್ಲಿಯವರೆಗೆ ಕಾರ್ಡಿನ ಹಿಂಬದಿಯಲ್ಲಿ ಬರೆಯುತ್ತಿದ್ದೇವೆ: ಬ್ಯಾಟರಿ ಎಷ್ಟು, ಕೇಬಲ್ ಎಷ್ಟು, ಬ್ಲಾಕ್ ಎಷ್ಟು.