ಸಿಂಹರಾಜ ಕಾಡಿಗೆ ಹೋಗುವವರೇ, ಕಾಲ ಬುಡ ನೋಡಿಕೊಳ್ಳಿ

ಶ್ರೀಲಂಕಾದ ಸಿಂಹರಾಜ ಮಳೆಕಾಡಿಗೆ ಹಾವು ನೋಡೋಕೆ ಹೋಗುವವರು ಹೆಚ್ಚಾಗಿ ಹುಡುಕುವುದು ಹಸಿರು ಪಿಟ್ ವೈಪರ್ ಎಂಬ ವಿಷದ ಹಾವನ್ನು. ಲಂಕಾ ಬಿಟ್ಟು ಬೇರೆಲ್ಲೂ ಸಿಗದ ಹಾವು ಅದು. ಆದರೆ ಅದೇ ಕಾಡಿನ ತರಗೆಲೆಯಲ್ಲಿ ಇನ್ನೊಂದು ಇದೆ, ಹಂಪ್‌ನೋಸ್ಡ್ ಪಿಟ್ ವೈಪರ್. ಒಂದೂವರೆ ಅಡಿ ದಾಟುವುದೇ ಅಪರೂಪ, ಬಣ್ಣ ಒಣಗಿದ ಎಲೆಯದು. ಲಂಕಾದಲ್ಲಿ ಜನರಿಗೆ ಅತಿ ಹೆಚ್ಚು ಕಚ್ಚುವ ವಿಷದ ಹಾವುಗಳಲ್ಲಿ ಇದೂ ಒಂದು. ನಿಮ್ಮ ತಯಾರಿ ಮುಖ್ಯವಾಗಿ ಇದನ್ನು ಮನಸ್ಸಲ್ಲಿಟ್ಟುಕೊಂಡು ಆಗಬೇಕು.

ಮೊದಲು ದಾರಿ. ಬೆಂಗಳೂರಿಂದ ಕೊಲಂಬೊಗೆ ನೇರ ವಿಮಾನ ಇದೆ, ಹೆಚ್ಚು ಕಡಿಮೆ ಒಂದೂವರೆ ಗಂಟೆ. ಪ್ರವೇಶದ ಅನುಮತಿಯ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ಮುಂಚೆ ಸರ್ಕಾರಿ ಜಾಲತಾಣದಲ್ಲೇ ನೋಡಿ. ಕಾಡಿಗೆ ಜಾಸ್ತಿ ಜನ ಬಳಸುವುದು ಎರಡು ಬಾಗಿಲು. ರತ್ನಪುರ, ಕಲವಾನ ಕಡೆಯಿಂದ ಕುಡಾವ. ದೆನಿಯಾಯ ಕಡೆಯಿಂದ ಮೆದೆರಿಪಿಟಿಯ. ಗಾಲೆ, ಮಾತರ ಸುತ್ತುವವರಿಗೆ ದೆನಿಯಾಯ ಅನುಕೂಲ. ಹಕ್ಕಿಗಳ ಆಸೆಯೂ ಇದ್ದರೆ ನಾನು ಕುಡಾವ ಅಂತೀನಿ. ಟಿಕೆಟ್ ಜೊತೆ ಗೈಡ್ ಕಡ್ಡಾಯ. ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಸ್ವಲ್ಪ ಕಡಿಮೆ. ಆದರೂ ರೇನ್‌ಕೋಟ್ ಬಿಟ್ಟು ಹೋಗಬೇಡಿ.

ಪಿಟ್ ವೈಪರ್‌ಗಳು ರಾತ್ರಿ ಬೇಟೆಯಾಡುತ್ತವೆ. ಹಗಲಲ್ಲಿ ಸುತ್ತಿಕೊಂಡು ಸುಮ್ನೆ ಕೂತಿರುತ್ತವೆ, ಒಂದೇ ಜಾಗದಲ್ಲಿ ದಿನಗಟ್ಟಲೆ ಇರುವುದೂ ಉಂಟು. ಹಾಗಾಗಿ ಹಿಂದಿನ ದಿನ ಎಲ್ಲಿ ಕಂಡಿತ್ತು ಅಂತ ಗೈಡ್‌ಗಳಿಗೆ ಗೊತ್ತಿರುತ್ತದೆ. ಹಾವು ನೋಡಲೆಂದೇ ಬಂದಿದ್ದೇವೆ ಅಂತ ಟಿಕೆಟ್ ಕೌಂಟರಿನಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ಜಲಪಾತ ತೋರಿಸಿ ವಾಪಸ್ ಕರೆತರುತ್ತಾರೆ.

ನಮಗೆ ಹಸಿರು ಹಾವು ಕಂಡಿದ್ದು ತೊರೆ ಪಕ್ಕದ ಪೊದೆಯಲ್ಲಿ, ಸೊಂಟದ ಎತ್ತರಕ್ಕೆ. ಎಲ್ಲರೂ ಕ್ಯಾಮೆರಾ ಹಿಡಿದು ಒಂದೊಂದೇ ಹೆಜ್ಜೆ ಹಿಂದೆ ಸರಿಯತೊಡಗಿದೆವು. ಗೈಡ್ ತಟ್ಟನೆ ಕೈ ಅಡ್ಡ ಹಿಡಿದು ಹಿಂದಿದ್ದ ಬೇರಿನ ಬುಡ ತೋರಿಸಿದರು. ಅಲ್ಲಿ ಏನಿದೆ ಅಂತ ಗೊತ್ತಾಗಲಿಕ್ಕೇ ಹೊತ್ತು ಹಿಡಿಯಿತು. ಮೊದಲು ಕಂಡಿದ್ದು ಬಾಲದ ತುದಿ. ಹುಳ ಹೊರಳಿದ ಹಾಗೆ ಅದು ಮೆಲ್ಲಗೆ ಅಲ್ಲಾಡುತ್ತಿತ್ತು. ಕಪ್ಪೆ, ಹಲ್ಲಿಗಳನ್ನು ಹತ್ತಿರ ಕರೆಯೋಕೆ ಹಂಪ್‌ನೋಸ್ಡ್ ಹಾವು ಹೀಗೆ ಮಾಡುತ್ತದೆ. ಆಮೇಲೆ ಮೈಮೇಲಿನ ಕಡುಕಂದು ಮಚ್ಚೆ, ಮೇಲಕ್ಕೆ ತಿರುಗಿದ ಮೂಗಿನ ತುದಿ, ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವಿನ ಗುಳಿ. ಬಿಸಿರಕ್ತದ ಪ್ರಾಣಿ ಹತ್ತಿರ ಬಂದರೆ ಕತ್ತಲಲ್ಲೂ ಅದರ ಶಾಖ ಗುರುತಿಸುವುದು ಆ ಗುಳಿಯೇ. ಇಷ್ಟು ಚಿಕ್ಕ ಜೀವ, ಎಷ್ಟು ಅಚ್ಚುಕಟ್ಟು! ಹಸಿರು ಹಾವಿಗಿಂತ ನನಗೆ ಇದೇ ಜಾಸ್ತಿ ಹಿಡಿಸಿತು.

ಫೋಟೋ ತೆಗೆಯುವಾಗ ಅಪಾಯ ಇರುವುದು ಎದುರಿನ ಹಾವಿನಿಂದ ಅಲ್ಲ, ನೋಡದೆ ಇಟ್ಟ ಹೆಜ್ಜೆಯಿಂದ. ಮಂಡಿ ಊರುವ ಮುಂಚೆ, ಮೊಣಕೈ ನೆಲಕ್ಕಿಡುವ ಮುಂಚೆ ಜಾಗ ನೋಡಿ. ಬಿದ್ದ ಮರದ ಮೇಲೆ ಕೂರಬೇಡಿ. ಚಪ್ಪಲಿ ಬೇಡವೇ ಬೇಡ. ಗಮ್‌ಬೂಟ್ ಇದ್ದರೆ ಒಳ್ಳೆಯದು, ಇಲ್ಲವಾದರೆ ಗಟ್ಟಿ ಶೂ ಮತ್ತು ಜಿಗಣೆ ತಡೆಯುವ, ಮಂಡಿವರೆಗಿನ ಲೀಚ್ ಸಾಕ್ಸ್. ಉಂಬಳದ ಕಾಟ ನಮ್ಮ ಮಲೆನಾಡಿನವರಿಗೆ ಹೊಸದೇನಲ್ಲ, ಅಲ್ವಾ?

ಹಂಪ್‌ನೋಸ್ಡ್ ಕಚ್ಚಿದರೆ? ಸಾಯುವವರು ತುಂಬ ಕಡಿಮೆ. ಆದರೆ ನೋವು, ಊತ ಜೋರು. ಕೆಲವರಿಗೆ ರಕ್ತ ಹೆಪ್ಪುಗಟ್ಟುವುದು ಕೆಡುತ್ತದೆ, ಕಿಡ್ನಿಗೂ ಪೆಟ್ಟು ಬೀಳುತ್ತದೆ. ಭಾರತದಲ್ಲಿ ತಯಾರಾಗುವ ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು) ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ ಮಾತ್ರ. ಇದಕ್ಕೆ ನಾಟುವುದಿಲ್ಲ. ಈ ಗುಂಪಿನ ಒಂದು ಜಾತಿ ನಮ್ಮ ಪಶ್ಚಿಮಘಟ್ಟದಲ್ಲೂ ಇದೆ, ಹಾಗಾಗಿ ತೋಟದವರೂ ಇದನ್ನು ತಿಳಿದಿರಬೇಕು. ಕಟ್ಟು ಬಿಗಿಯಬೇಡಿ, ಕುಯ್ಯಬೇಡಿ. ಉಂಗುರ, ವಾಚ್ ಬಿಚ್ಚಿ, ಕೈಕಾಲು ಅಲ್ಲಾಡಿಸದೆ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಂಕಾದ ಉಚಿತ ಆಂಬುಲೆನ್ಸ್ ನಂಬರ್ 1990. ಕಾಡೊಳಗೆ ಸಿಗ್ನಲ್ ನಂಬಬೇಡಿ, ಗೈಡ್ ಜೊತೆಗೇ ಇರಿ.

ಇನ್ನೊಂದು ಮಾತು. ಫೋಟೋ ಚೆನ್ನಾಗಿ ಬರಲಿ ಅಂತ ಕೋಲಿನಿಂದ ಹಾವನ್ನು ಸರಿಸಲು ಯಾರಾದರೂ ಮುಂದಾದರೆ ದಯವಿಟ್ಟು ಬೇಡ ಅನ್ನಿ. ಅದಕ್ಕೆಂದು ದುಡ್ಡು ಕೊಡಬೇಡಿ. ಮುಟ್ಟದೆ ದೂರದಿಂದ ತೋರಿಸಿದ ಗೈಡ್‌ಗೆ ಟಿಪ್ಸ್ ಧಾರಾಳವಾಗಿ ಕೊಡಿ.